ಮೂರೂರ ಮೆಳೆ

ಮೊರ ಹೆಣೆಯೋ ಮಂಗಳಮ್ಮನಿಗೆ ಮನುಷ್ಯರ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಇದ್ದದ್ದೆಲ್ಲ ಹಿತ್ತಲ ಬಿದಿರು ಮೆಳೆ ಮೇಲೆ. ಸೀಳಿದರೆ ಬೆಣ್ಣೆ, ಬಗ್ಗಿಸಿದರೆ ಮುರಿಯೋ ಮಾತೇ ಇಲ್ಲ. ಗೌರಿ ಹಬ್ಬ ಬಂತೆಂದರೆ ಬಾಗಿನದ ಮೊರಕ್ಕೆ ಮದ್ದೂರಿನವರೂ ಸೋಮನಹಳ್ಳಿಗೆ, ಅವಳ ಬಾಗಿಲಿಗೇ ಬರಬೇಕು.

ಹುಷಾರಿ ಹೆಂಗಸು ಬೇರೆ. ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ಉಳಿಯಲಿ ಅಂತ ಅದೇ ಮೆಳೆಯ ಗೆಡ್ಡೆ ಅಗೆದು ಮಳವಳ್ಳಿಯ ತಮ್ಮ ಬೋರಯ್ಯನಿಗೆ ಕೊಟ್ಟಿದ್ದಳು. ಮಗಳು ವನಜಾಳನ್ನು ನಿಡಘಟ್ಟಕ್ಕೆ ಕೊಟ್ಟಾಗ ಮಡಿಲಕ್ಕಿ ಜೊತೆಗೂ ಒಂದು ಗೆಡ್ಡೆ. ಬೇರೆ ಬಿದಿರೆಲ್ಲ ಅವಳ ಕಣ್ಣಿಗೆ ಕಸ. ಹೋದ ವರ್ಷ ಮಗಳಿಗೆ, "ಆ ಗಾರ್ಮೆಂಟ್ಸ್ ಬುಟ್ಟಾಕು. ಮನೇಲೇ ಮೊರ ಹೆಣ್ಕಂಡಿರು. ಮೆಳೆ ಐತಲ್ಲ, ಯಾವನ್ ಹಂಗೂ ಬ್ಯಾಡ" ಅಂದಳು. ವನಜಾ ಬಿಟ್ಟೇಬಿಟ್ಟಳು.

ಈ ಸಂಕ್ರಾಂತಿ ಕಳೆದದ್ದೇ ತಡ, ಮೆಳೆಯ ಎಲೆಯೆಲ್ಲ ಉದುರಿ ತುದಿತುದಿಗೂ ಭತ್ತದಂಥ ತೆನೆ ಬಂತು. ಹಿಂದೆಯೇ ಇಲಿಗಳು ಬಂದವು, ಹಗಲಲ್ಲೂ ಹೆದರದ ಇಲಿಗಳು. ಪಕ್ಕದ ಮನೆ ಚಿಕ್ಕಣ್ಣ, "ಬಿದಿರಕ್ಕಿ ಕಣಮ್ಮ, ಪಾಯಸ ಮಾಡು" ಅಂತ ಹಲ್ಲು ಕಿರಿದ. ಅವನ ಬಾಯಿಗೆ ಮಣ್ಣು ಹಾಕ! ಮಂಗಳಮ್ಮ ತೆನೆ ಕತ್ತರಿಸಿದಳು, ಗೊಬ್ಬರ ಸುರಿದಳು, ಬಿಂದಿಗೆಗಟ್ಟಲೆ ನೀರು ಹೊತ್ತಳು. ತೆನೆ ಇನ್ನೂ ಹೆಚ್ಚಿತು.

ಮಂಡ್ಯದ ಕಾಲೇಜಿನಲ್ಲಿ ಕೃಷಿ ಪಾಠ ಹೇಳೋ ಸುದರ್ಶನ್ ಮೊರ ಕೊಳ್ಳಲು ಬಂದವರು ಮೆಳೆ ನೋಡಿ ನಿಂತುಬಿಟ್ಟರು.

"ನೀರು ಹಾಕಿದ್ರೆ ನಿಲ್ಲೋದಲ್ಲಮ್ಮ ಇದು. ಯಾವಾಗ ಹೂ ಬಿಡಬೇಕು ಅನ್ನೋದು ಅದರ ಹುಟ್ಟಿನಲ್ಲೇ ಇರುತ್ತೆ. ಹೂ ಬಿಟ್ಟ ಮೇಲೆ ಮೆಳೆ ಪೂರ್ತಿ ಒಣಗಿ ಸಾಯುತ್ತೆ."

"ಸಾಯ್ಲಿ ಬುಡಿ ಸೋಮಿ. ಇದರದ್ದೇ ಗೆಡ್ಡೆ ನನ್ ಮಗ್ಳತ್ರ ಐತೆ, ತಮ್ಮನತ್ರ ಐತೆ."

ಸುದರ್ಶನ್ ಮುಖ ಇಳಿಯಿತು. "ಗೆಡ್ಡೆ ಅಂದ್ರೆ ಮರಿಯಲ್ಲಮ್ಮ, ಅದೂ ಇದೇ ಮೆಳೆ. ಎಲ್ಲಿ ನೆಟ್ಟರೂ ವಯಸ್ಸು ಒಂದೇ."

ಮಂಗಳಮ್ಮ ತಕ್ಷಣ ಮಗಳಿಗೆ ಫೋನು ಮಾಡಿದಳು.

"ಅವ್ವಾ, ನಾನೇ ಮಾಡಾನ ಅಂತಿದ್ದೆ! ನಮ್ ಮೆಳೆ ತುಂಬ ತೆನೆ ಕಣವ್ವ. ಬೋರಯ್ಯ ಮಾವನ್ದ್ರಲ್ಲೂ ಬಂದೈತಂತೆ. ನೀನು ಕೊಟ್ಟಿದ್ದು ಫಲ ಬುಡ್ತು ನೋಡು!"

ಮಂಗಳಮ್ಮನ ಕಾಲ ಪಕ್ಕದಲ್ಲೇ ಇಲಿಯೊಂದು ಅಕ್ಕಿ ಕಡಿಯುತ್ತಿತ್ತು, ಅವಳು ಅದನ್ನು ಓಡಿಸಲೂ ಇಲ್ಲ.

"ವನಜಾ, ಆ ಗಾರ್ಮೆಂಟ್ಸ್‌ನೋರು..."

"ಏನವ್ವಾ?"

"ತಿರ್ಗಾ ಸೇರಿಸ್ಕತ್ತಾರಾ ಕೇಳು ಮಗಾ."

ಆ ಕಡೆ ವನಜಾಳ ನಗು ನಿಂತಿತು.