ಪಿರಮಿಡ್ಡಿನ ತುದಿಯಲ್ಲಿ ಒಬ್ಬ

ಜನಸಂಖ್ಯಾಶಾಸ್ತ್ರದ ಮೇಷ್ಟ್ರಿಗೆ ಬೋರ್ಡಿನ ಮೇಲೆ ಊರಿನ ಗಂಡು ಹೆಣ್ಣು, ವಯಸ್ಸುಗಳ ಲೆಕ್ಕ ತೋರಿಸುವ ಪಿರಮಿಡ್ಡು ಬರೆದು ಬರೆದು ಸಾಕಾಗಿತ್ತು. ಹುಡುಗರು ನಕಲು ಮಾಡಿಕೊಳ್ಳುತ್ತಿದ್ದರೇ ಹೊರತು, ಅದರೊಳಗೆ ಮನುಷ್ಯರಿದ್ದಾರೆಂದು ಯಾರ ತಲೆಗೂ ಹೋಗುತ್ತಿರಲಿಲ್ಲ. ಅದಕ್ಕೇ ಆ ದಿನ ಬೆಂಚುಗಳನ್ನು ಗೋಡೆಗೆ ತಳ್ಳಿಸಿ, ಪದವಿ ತರಗತಿಯನ್ನೇ ಪಿರಮಿಡ್ಡಾಗಿ ನಿಲ್ಲಿಸಿದರು: ಗಂಡುಮಕ್ಕಳು ಎಡಕ್ಕೆ, ಹೆಣ್ಣುಮಕ್ಕಳು ಬಲಕ್ಕೆ, ಕಿರಿಯರು ಮುಂದೆ, ವಯಸ್ಸು ಏರಿದಂತೆ ಹಿಂದೆ.

ಏಣಿ ಎಂಬ ಹುಡುಗ ಮಾತ್ರ ಹುಡುಗಿಯರ ನಡುವಿನಿಂದ ಕದಲಲಿಲ್ಲ. ಉದ್ದಕ್ಕೆ ಬೆಳೆದದ್ದಕ್ಕೆ ಅವನಿಗೆ ಆ ಹೆಸರು. ಹಿಂದಿನ ದಿನ ಕ್ಯಾಂಟೀನಿನಲ್ಲಿ ಅವನು ಒಬ್ಬನ ದವಡೆ ಮುರಿದಿದ್ದ. ಆ ಒಬ್ಬನಿಗೆ ಒಬ್ಬ ಅಣ್ಣನಿದ್ದ. ಅಣ್ಣ ಬೆಳಗಿನಿಂದ ಗೇಟಿನ ಬಳಿ ಕಾಯುತ್ತಿದ್ದ. ಇದು ಇಡೀ ಕಾಲೇಜಿಗೆ ಗೊತ್ತಿತ್ತು, ಮೇಷ್ಟ್ರನ್ನು ಬಿಟ್ಟು. ವರ್ಷದಲ್ಲಿ ಮೊದಲ ಸಲ ಏಣಿ ಪಾಠಕ್ಕೆ ಬಂದದ್ದು ಕಂಡು ಅವರು ಒಳಗೊಳಗೇ ಹಿಗ್ಗಿದ್ದರು.

"ಇಲ್ಲೇ ಇರ್ತೀನಿ ಸಾರ್," ಎಂದ.

"ಲೆಕ್ಕ ತಪ್ಪುತ್ತಪ್ಪಾ. ನಡಿ ಆ ಕಡೆ."

ಎರಡು ಸಲ ಫೇಲಾಗಿದ್ದರಿಂದ ಅವನೇ ಹಿರಿಯ. ಎಡಭಾಗದ ತುತ್ತತುದಿಯಲ್ಲಿ, ಎಲ್ಲರಿಂದ ಬೇರೆಯಾಗಿ, ಒಬ್ಬನೇ ನಿಂತ.

ಕಾದು ಬೇಸತ್ತ ಅಣ್ಣ ಇಬ್ಬರನ್ನು ಕರೆದುಕೊಂಡು ಒಳಗೆ ನುಗ್ಗಿದಾಗ ಹುಡುಕುವ ಕೆಲಸವೇ ಇರಲಿಲ್ಲ. ಮೇಷ್ಟ್ರೇ ಆರಿಸಿ ಎತ್ತಿಟ್ಟಿದ್ದರು.

ಸೈಕಲ್ ಚೈನು ಮೊದಲು ಮುಖಕ್ಕೆ ಬಿತ್ತು. ಏಣಿ ಕೆನ್ನೆ ಒತ್ತಿ ಹಿಡಿದ. ಬೆರಳ ಸಂದಿಯಿಂದ ರಕ್ತ ಮೊಣಕೈವರೆಗೆ ಇಳಿಯಿತು. ಇನ್ನೊಬ್ಬ ಹೊಟ್ಟೆಗೆ ಒದ್ದ. ಮುದುರಿ ಬಿದ್ದವನ ತಲೆಗೆ ಗುರಿಯಿಟ್ಟು ಅಣ್ಣ ಕಬ್ಬಿಣದ ರಾಡು ಎತ್ತಿದ. ತರಗತಿ ಗೋಡೆಗೆ ಅಂಟಿಕೊಂಡಿತು. ತಾವು ಮಾಡಿದ್ದೇನೆಂದು ಮೇಷ್ಟ್ರಿಗೆ ಹೊಳೆದದ್ದು ಆಗ. ಪಶ್ಚಾತ್ತಾಪಕ್ಕೆ ಪುರುಸೊತ್ತಿರಲಿಲ್ಲ; ತಮ್ಮ ಭಾರೀ ದೇಹವನ್ನು ಹುಡುಗನ ಮೇಲೆ ಕೆಡವಿಬಿಟ್ಟರು. ರಾಡು ಅವರ ಹೆಗಲಿಗೆ ಬಿತ್ತು. ಮೂಳೆ ಲಟಕ್ಕೆಂದಿತು.

"ಏಳಿ ಸಾರ್. ನೀವು ನನಗೂ ಪಾಠ ಹೇಳಿದೀರಿ, ನಿಮ್ಮ ಮೇಲೆ ಕೈ ಮಾಡೋದು ಬೇಡ," ಎಂದ ಅಣ್ಣ, ವಿನಯದಿಂದಲೇ.

"ಮಾಡಿ ಆಯ್ತಲ್ಲೋ. ಏಳಲ್ಲ."

ಮತ್ತೆರಡು ಏಟು ಬಿದ್ದವು, ಬೆನ್ನಿಗೊಂದು, ಮೊಣಕೈಗೊಂದು. ರಾಡು ಇನ್ನೊಮ್ಮೆ ಏರುವಷ್ಟರಲ್ಲಿ ಗಿಡ್ಡ ಹುಡುಗಿಯೊಬ್ಬಳು ಮೇಷ್ಟ್ರ ಕುರ್ಚಿ ಎತ್ತಿ ಅಣ್ಣನ ತಲೆಗೆ ಅಪ್ಪಳಿಸಿದಳು. ಆಮೇಲೆ ಗಂಡು ಹೆಣ್ಣು, ಹಿರಿ ಕಿರಿ ಅನ್ನುವುದೇನೂ ಉಳಿಯಲಿಲ್ಲ. ತರಗತಿಗೆ ತರಗತಿಯೇ ಮೇಲೆ ಬಿದ್ದು ಕೈಗೆ ಸಿಕ್ಕಿದ್ದರಲ್ಲಿ ಚಚ್ಚಿತು. ಜೊತೆಗಾರರು ಅಣ್ಣನನ್ನು ದರದರ ಎಳೆದುಕೊಂಡು ಓಡಿದ ಮೇಲೂ ಕೆಲವರು ಗಾಳಿಗೆ ಹೊಡೆಯುತ್ತಲೇ ಇದ್ದರು.

ಮೇಷ್ಟ್ರು ಹಿಡಿತ ಸಡಿಲಿಸಲಿಲ್ಲ. ಹೊಡೆಯಲು ಬಂದವರು ಓಡಿಹೋದರೆಂದು ನಾಲ್ಕು ಜನ ಹೇಳಿದರೂ ನಂಬಲಿಲ್ಲ.

"ಹುಡುಗ ಉಸಿರಾಡ್ತಿದಾನಾ, ಮೊದಲು ಅದು ನೋಡ್ರಪ್ಪಾ."

ಅಡಿಯಿಂದ ನಜ್ಜುಗುಜ್ಜಾದ ದನಿಯೊಂದು ಬಂತು: "ನೀವು ಏಳದಿದ್ರೆ ಇನ್ನು ಉಸಿರಾಡಲ್ಲ ಸಾರ್."