ಗೇಣುದ್ದದ ಆರು ಅಂಗಿ

ಅಕ್ಕ ಪರದೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಇಪ್ಪತ್ತೈದು ವರ್ಷಗಳಿಂದ ಜನ ತಮ್ಮ ಮನೆಯ ಕಿಟಕಿಗಳ ಅಳತೆಯನ್ನು ಚೀಟಿಯಲ್ಲಿ ಬರೆದು ತಂದು ಕೊಡುತ್ತಿದ್ದರು, ಅವಳು ಉದ್ದುದ್ದ ಬಟ್ಟೆಯನ್ನು ನೆಲದ ಮೇಲೆ ಹಾಸಿ, ಮಂಡಿಯೂರಿ ಕೂತು ಕತ್ತರಿ ಆಡಿಸುತ್ತಿದ್ದಳು. ನೆಟ್ಟಗೆ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಅಂಗಿ, ರವಿಕೆ ಅಂತ ಯಾರಾದರೂ ಕೇಳಿಕೊಂಡು ಬಂದರೆ ಕೈಮುಗಿದುಬಿಡುತ್ತಿದ್ದಳು. ಕಿಟಕಿಗೆ ಕಂಕುಳಿಲ್ಲ, ಅದಕ್ಕೇ ನನಗೆ ಕಿಟಕಿಗಳೇ ಸರಿ ಎನ್ನುತ್ತಿದ್ದಳು.

ತಂಗಿ ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವಳು. ತಾಯಿ ಬೇಗ ಹೋಗಿದ್ದರಿಂದ ಎತ್ತಿ ಆಡಿಸಿದ್ದು, ಜಡೆ ಹಾಕಿದ್ದು, ಶಾಲೆಗೆ ಕಳಿಸಿದ್ದು ಎಲ್ಲ ಅಕ್ಕನೇ. ತಂಗಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಗಂಡ ದೂರದೂರಿನ ಬಸ್ಸು ಓಡಿಸುವ ಡ್ರೈವರ್, ಎರಡು ದಿನ ರಸ್ತೆಯಲ್ಲಿದ್ದರೆ ಒಂದು ದಿನ ಮನೆಯಲ್ಲಿ. ಮೂವರೂ ಒಂದೇ ಮನೆಯಲ್ಲಿದ್ದರು. ಮದುವೆಯಾಗಿ ಎಂಟು ವರ್ಷದ ಮೇಲೆ ತಂಗಿ ಬಸುರಿಯಾದಾಗ ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆಯಲು ಶುರುಮಾಡಿದರು, ಜೋರಾಗಿ ಹೆಜ್ಜೆಯಿಟ್ಟರೆ ಏನಾದರೂ ಉದುರಿಹೋದೀತು ಎನ್ನುವಂತೆ.

ಆರನೇ ತಿಂಗಳಲ್ಲಿ ತಂಗಿ ಯಾವುದೋ ಅಂಗಡಿಯಿಂದ ಒಂದು ಪಟ್ಟಿ ತಂದಳು. ಹುಟ್ಟುವ ಮಗುವಿಗೆ ಹನ್ನೆರಡು ಜುಬ್ಬ, ಎಂಟು ಕುಲಾವಿ, ಹತ್ತು ಜೊತೆ ಕಾಲುಚೀಲ, ಲಂಗೋಟಿಗಳಿಗಂತೂ ಲೆಕ್ಕವೇ ಇಲ್ಲ. ಹುಟ್ಟೋದು ಒಂದು ಮಗುವೋ ಇಡೀ ಪಟಾಲಮ್ಮೋ ಎಂದು ಅಕ್ಕ ನಗಾಡಿದಳು. ನಾಲ್ಕು ಸಾಕು, ಮಕ್ಕಳು ವಾರವಾರಕ್ಕೆ ಬೆಳೆಯುತ್ತವೆ ಎಂದಳು. ತಂಗಿ ಎಂಟಕ್ಕಿಂತ ಕಡಿಮೆಗೆ ಒಪ್ಪಲಿಲ್ಲ. ಅವಸರವೇನು, ಒಂಬತ್ತು ತುಂಬಲಿ, ಆಗ ನಿಧಾನವಾಗಿ ಕೊಳ್ಳೋಣ ಅಂತ ಡ್ರೈವರ್ ಇಬ್ಬರಿಗೂ ರಾಜಿ ಮಾಡಿಸಿದ.

ಒಂಬತ್ತು ತುಂಬಲಿಲ್ಲ. ಏಳು ಮುಗಿದು ನಾಲ್ಕು ದಿನವಾಗಿತ್ತಷ್ಟೇ. ಬೆಳಿಗ್ಗೆ ಅಕ್ಕ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ತಂಗಿ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದಳು. ಮುಖ ಊದಿಕೊಂಡು ಗುರುತೇ ಸಿಗುವಂತಿರಲಿಲ್ಲ.

"ಅಕ್ಕಾ, ನೀನು ಇಬ್ಬರಿದ್ದ ಹಾಗೆ ಕಾಣ್ತಿದೀಯ" ಎಂದಳು.

ಅಕ್ಕ ಮಷಿನ್ ಮೇಲಿದ್ದ ಬಟ್ಟೆಯನ್ನು ಹಾಗೇ ಬಿಟ್ಟಳು. ಟ್ಯಾಕ್ಸಿ ಸಿಕ್ಕಿದ್ದು, ಆಸ್ಪತ್ರೆ ತಲುಪಿದ್ದು, ಯಾರೋ ತಳ್ಳುಗಾಡಿ ತಂದಿದ್ದು ಯಾವುದೂ ಆಮೇಲೆ ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ರಕ್ತದೊತ್ತಡ ಏರಿಬಿಟ್ಟಿದೆ, ಈಗಲೇ ಕೊಯ್ದು ತೆಗೆಯದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು, ಕಾಗದದ ಮೇಲೆ ತಾನು ರುಜು ಹಾಕಿದ್ದು ಮಾತ್ರ ನೆನಪಿತ್ತು. ತನ್ನ ಹೆಸರಿನ ಎರಡನೇ ಅಕ್ಷರ ಬರೆಯುವುದು ಹೇಗೆಂದು ಆ ಹೊತ್ತಿಗೆ ಮರೆತುಹೋಗಿತ್ತು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಸಾವಿರದ ಇನ್ನೂರೈವತ್ತು ಗ್ರಾಂ. ತಾಯಿಯನ್ನು ಒಂದು ಮಹಡಿಗೂ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಇನ್ನೊಂದು ಮಹಡಿಗೂ ಒಯ್ದರು. ಅಕ್ಕ ನಡುವಿನ ಮೆಟ್ಟಿಲಲ್ಲಿ ನಿಂತಳು, ಮೇಲೆ ಹೋಗಬೇಕೋ ಕೆಳಗೆ ಹೋಗಬೇಕೋ ತಿಳಿಯದೆ.

ಅಲ್ಲಿಯೇ ಮಕ್ಕಳ ಕೋಣೆಯ ನರ್ಸ್ ಅವಳನ್ನು ಹುಡುಕಿಕೊಂಡು ಬಂದಳು. ವಯಸ್ಸಾದ ಹೆಂಗಸು, ಮಾತು ಚುಟುಕು. ಮಗುವಿಗೆ ಬಟ್ಟೆ ತಂದಿದ್ದೀರಾ ಎಂದು ಕೇಳಿದಳು. ಇಲ್ಲ ಎಂದಾಗ ಬೈಯಲಿಲ್ಲ, ಬೇಕಾದ್ದನ್ನು ಹೇಳಿದಳು: ಮುಂದೆ ಪೂರ್ತಿ ತೆರೆಯುವ ಅಂಗಿ, ಗುಂಡಿ ಬೇಡ, ಪಿನ್ನು ಬೇಡ, ಲಾಡಿ ಸಾಕು; ಕುಲಾವಿ, ಕಾಲುಚೀಲ; ತೆಳು ಹತ್ತಿ ಬಟ್ಟೆ, ಬಿಸಿನೀರಿನಲ್ಲಿ ಒಗೆದಿರಬೇಕು.

"ಎಷ್ಟು ತರಲಿ?" ಎಂದಳು ಅಕ್ಕ.

"ಸದ್ಯಕ್ಕೆ ಎರಡು ಸಾಕು."

ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪಟ್ಟಿಯಲ್ಲಿ ಹನ್ನೆರಡಿತ್ತು. ನಾನು ನಾಲ್ಕು ಅಂದಿದ್ದೆ. ಈ ಹೆಂಗಸು ದಿನಾ ಇಂಥವನ್ನೇ ನೋಡುವವಳು, ಎರಡು ಅನ್ನುತ್ತಿದ್ದಾಳೆ. ಸದ್ಯಕ್ಕೆ ಎಂದರೆ ಎಷ್ಟು ದಿನ? ಕೇಳಬೇಕೆಂದು ತಲೆಯೆತ್ತಿದಳು. ನರ್ಸ್ ಅಷ್ಟರಲ್ಲಿ ಹೊರಟುಹೋಗಿದ್ದಳು.

ಆಸ್ಪತ್ರೆಯೆದುರಿನ ಮಕ್ಕಳ ಬಟ್ಟೆಯಂಗಡಿಗೆ ಹೋದಳು. ಇದ್ದುದರಲ್ಲೇ ಸಣ್ಣದನ್ನು ಕೊಡಿ ಎಂದಾಗ ಅಂಗಡಿಯಾಕೆ ನಗುನಗುತ್ತ ತೆಗೆದುಕೊಟ್ಟಳು, ಮಗುವಿಗೆ ಎಷ್ಟು ದಿನವಾಯಿತು, ಯಾರ ಹಾಗಿದೆ ಎಂದೆಲ್ಲ ವಿಚಾರಿಸಿದಳು. ಅಕ್ಕ ಆ ಅಂಗಿಯನ್ನು ಅಂಗೈ ಮೇಲೆ ಹರಡಿದಳು. ಗಾಜಿನ ಪೆಟ್ಟಿಗೆಯೊಳಗೆ ಅರೆಗಳಿಗೆ ಕಂಡಿದ್ದ ಆ ಜೀವ ಇದರ ಒಂದು ತೋಳಿನಲ್ಲೇ ಹಿಡಿಸಿಬಿಡುತ್ತಿತ್ತು. ಇನ್ನೂ ಸಣ್ಣದು ಬೇಕು ಎಂದಳು. ಇದಕ್ಕಿಂತ ಸಣ್ಣದು ಅಂದರೆ ಗೊಂಬೆಯದೇ ಎಂದು ಅಂಗಡಿಯಾಕೆ ತಮಾಷೆಗೆ ಹೇಳಿದಳು. ಹೇಳಿ ಅಕ್ಕನ ಮುಖ ನೋಡಿದವಳೇ ಬಾಯಿ ಮುಚ್ಚಿಕೊಂಡಳು. ಆಮೇಲೆ ಒಳಗಿನಿಂದ ಎರಡು ಮೀಟರ್ ತೆಳುವಾದ ಬಿಳಿ ಬಟ್ಟೆ ತಂದು, "ನೀವೇ ಹೊಲಿದುಬಿಡಿ ಅಕ್ಕಾ, ಅದೇ ಒಳ್ಳೇದು" ಎಂದಳು.

ಅಳತೆ ತೆಗೆದುಕೊಳ್ಳಬೇಕಲ್ಲ. ಮಗುವನ್ನು ಮುಟ್ಟುವಂತಿಲ್ಲ. ಅಕ್ಕನಿಗೆ ಮೇಲಂಗಿ ತೊಡಿಸಿ, ಕೈ ತೊಳೆಸಿ, ಪೆಟ್ಟಿಗೆಯ ಹತ್ತಿರ ನಿಲ್ಲಿಸಿದರು. ಒಳಗೆ ಮಗು ಅಂಗಾತ ಮಲಗಿತ್ತು. ಕೆಂಪಗೆ, ಸುಕ್ಕುಸುಕ್ಕಾಗಿ, ಎದೆ ಮಾತ್ರ ಪಟಪಟ ಏರಿಳಿಯುತ್ತಿತ್ತು. ಮೂಗಿಗೆ ಒಂದು ನಳಿಗೆ, ಕೈಗೆ ಒಂದು, ಪಾದಕ್ಕೆ ಒಂದು ತಂತಿ. ನರ್ಸ್ ಪಕ್ಕದ ಕಿಂಡಿಯಿಂದ ಕೈ ತೂರಿಸಿ ಬ್ಯಾಂಡೇಜಿನ ಪಟ್ಟಿಯನ್ನು ಎದೆಯ ಸುತ್ತ ಹಿಡಿದು, ಗುರುತು ಮಾಡಿ ಕತ್ತರಿಸಿ ಕೊಟ್ಟಳು. ತಲೆಗೊಂದು, ಭುಜದಿಂದ ಹೊಟ್ಟೆಯವರೆಗೆ ಒಂದು. ಮೂರು ತುಂಡು ಪಟ್ಟಿ. ಅಕ್ಕ ಅವನ್ನು ಕರ್ಚೀಫಿನಲ್ಲಿ ಕಟ್ಟಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ದೊಡ್ಡ ದೊಡ್ಡ ಹಜಾರಗಳ ಅಳತೆಯನ್ನು ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದವಳಿಗೆ ಈ ಮೂರು ಪಟ್ಟಿಗಳಲ್ಲಿ ಯಾವುದು ಯಾವುದೆಂದು ದಾರಿಯಲ್ಲೇ ಮರೆತುಹೋದೀತೆಂದು ಭಯವಾಯಿತು. ಹೊರಗೆ ಬಂದು ಪೆನ್ನು ಇಸಕೊಂಡು ಒಂದೊಂದರ ಮೇಲೂ ಬರೆದಳು.

ಮನೆಗೆ ಹೊರಡುವ ಮುಂಚೆ ಕೆಳಗಿನ ಮಹಡಿಗೆ ಹೋದಳು. ತಂಗಿಗೆ ಆಗತಾನೇ ಎಚ್ಚರವಾಗಿತ್ತು. ಮಗುವನ್ನು ಇನ್ನೂ ನೋಡಿರಲಿಲ್ಲ. ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಿದ್ದರು, ಯಾರ ಮಾತಿನ ಮೇಲೂ ಅವಳಿಗೆ ನಂಬಿಕೆಯಿರಲಿಲ್ಲ. ಅಕ್ಕನ ಕೈಯಲ್ಲಿದ್ದ ಬಟ್ಟೆಯ ಪೊಟ್ಟಣವನ್ನು ನೋಡಿದಳು.

"ಅಂಗಿಗಾ?"

"ಹೂಂ."

"ಎಷ್ಟು ತರೋಕೆ ಹೇಳಿದಾರೆ?"

ಅಕ್ಕ ಜನ್ಮದಲ್ಲಿ ತಂಗಿಗೆ ಸುಳ್ಳು ಹೇಳಿದವಳಲ್ಲ. ಅಮ್ಮ ಹೋದ ದಿನವೂ ಇದ್ದದ್ದನ್ನು ಇದ್ದಹಾಗೆ ಹೇಳಿದ್ದಳು. ಈಗ ಒಡೆದ ತುಟಿಯ ಆ ಊದಿದ ಮುಖ ತನ್ನನ್ನೇ ನೋಡುತ್ತಿತ್ತು.

"ಆರು" ಎಂದಳು. "ಆರು ಬೇಕಂತೆ. ದಿನಾ ಬದಲಾಯಿಸ್ತಾರಂತೆ."

ತಂಗಿ ಕಣ್ಣು ಮುಚ್ಚಿಕೊಂಡಳು. "ಆರಾ" ಎಂದು ತನಗೇ ಹೇಳಿಕೊಂಡಳು. ಹಣೆಯ ಗಂಟು ಸ್ವಲ್ಪ ಸಡಿಲವಾಯಿತು.

ಹೇಳಿದ ಮೇಲೆ ಹೊಲಿಯಲೇಬೇಕು. ಅಕ್ಕ ಬಟ್ಟೆಯನ್ನು ಎರಡು ಸಲ ಕುದಿನೀರಿಗೆ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿ, ಮಾರನೇ ದಿನ ಬೆಳಿಗ್ಗೆ ಕತ್ತರಿ ಹಿಡಿದು ಕೂತಳು. ಪರದೆಗಳಿಗೆ ನೆಲವೆಲ್ಲ ಬೇಕಾಗುತ್ತಿತ್ತು, ಇದಕ್ಕೆ ತೊಡೆಯೇ ಸಾಕಾಯಿತು. ಕತ್ತರಿಯ ಬಾಯಿ ದೊಡ್ಡದಾಯಿತೆಂದು ನೂಲು ಕತ್ತರಿಸುವ ಪುಟ್ಟ ಕತ್ತರಿಯಲ್ಲೇ ಕಂಕುಳಿನ ಸುತ್ತು ತೆಗೆದಳು. ಮೊದಲನೆಯದು ಕೆಟ್ಟಿತು. ಎರಡನೆಯದರ ಎರಡು ತೋಳುಗಳಲ್ಲಿ ಒಂದು ಉದ್ದವಾಯಿತು. ಹೊಲಿಗೆಯ ಅಂಚು ಒಳಗೆ ಬಂದರೆ ಆ ಚರ್ಮ ತಡೆಯುವುದಿಲ್ಲ ಎನಿಸಿ, ಎಲ್ಲ ಬಿಚ್ಚಿ, ಅಂಚು ಹೊರಗೆ ಬರುವಂತೆ ಮತ್ತೆ ಹೊಲಿದಳು. ಮಷಿನ್ ಕಟಕಟ ಎಂದಾಗಲೆಲ್ಲ ಫೋನ್ ಬಂದರೆ ಕೇಳಿಸುವುದಿಲ್ಲವಲ್ಲ ಎಂದು ನಿಲ್ಲಿಸಿ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಕೊನೆಗೆ ಮಷಿನ್ ಬಿಟ್ಟು ಕೈಯಲ್ಲೇ ಹೊಲಿದಳು.

ನಾಲ್ಕನೆಯದನ್ನು ಮುಗಿಸುತ್ತಿದ್ದಾಗ ಡ್ರೈವರ್ ಬಂದ. ದಾರಿಯಲ್ಲೇ ಸುದ್ದಿ ತಿಳಿದು, ಬಸ್ಸನ್ನು ಇನ್ನೊಬ್ಬರಿಗೆ ಒಪ್ಪಿಸಿ ಓಡಿಬಂದಿದ್ದ. ಆಸ್ಪತ್ರೆಗೂ ಹೋಗಿ ಬಂದಿದ್ದ. ಮೇಜಿನ ಮೇಲೆ ಸಾಲಾಗಿಟ್ಟಿದ್ದ ಅಂಗಿಗಳನ್ನು ನೋಡಿ ಬಾಗಿಲಲ್ಲೇ ನಿಂತ. ಪ್ರತಿಯೊಂದೂ ಒಂದು ಗೇಣು ಉದ್ದ.

ನರ್ಸ್ ಎರಡು ಅಂದಿದ್ದರಂತಲ್ಲ ಎಂದು ಕೇಳಿದ. ಹೌದೆಂದಳು. ತಂಗಿಗೆ ಆರು ಎಂದು ಹೇಳಿದ್ದನ್ನೂ ಹೇಳಿದಳು. ಅವನು ಕುರ್ಚಿಯ ಮೇಲೆ ಕುಸಿದು ಕೂತ. ಸಾವಿರಾರು ಜನರನ್ನು ಘಾಟಿ ದಾಟಿಸಿದ ಕೈಗಳು, ಮೊಣಕಾಲ ಮೇಲೆ ಸುಮ್ಮನೆ ಬಿದ್ದಿದ್ದವು.

"ಆರು ಬೇಡ ಅತ್ತಿಗೆ" ಎಂದ. "ಹೆಚ್ಚುಕಡಿಮೆ ಏನಾದ್ರೂ ಆದ್ರೆ, ಇವನ್ನೆಲ್ಲ ಅವಳ ಕಣ್ಣಿಂದ ಎಲ್ಲಿ ಬಚ್ಚಿಡೋದು?"

ಅಕ್ಕನಿಗೆ ಸಿಟ್ಟು ಬಂತು. ಬಾಯಿಂದ ಅಂಥ ಮಾತು ಯಾಕೆ ತೆಗೆಯುತ್ತೀರಿ ಎಂದು ಗದರಿದಳು. ಆದರೆ ಅವಳನ್ನೂ ಬೆಳಗಿನಿಂದ ಅದೇ ಪ್ರಶ್ನೆ ತಿನ್ನುತ್ತಿತ್ತು. ಅವನು ಆಡಿಬಿಟ್ಟ, ಅಷ್ಟೇ.  ಆಮೇಲೆ ಡ್ರೈವರ್ ಎದ್ದು, ಉಳಿದಿದ್ದ ಲಾಡಿಗಳನ್ನು ಎಳೆದುಕೊಂಡು, ತುದಿಗೆ ಗಂಟು ಹಾಕುತ್ತ ಕೂತ. ಕತ್ತಲಾಗುವ ಮೊದಲೇ ಆರೂ ಮುಗಿದವು.

ಎರಡನ್ನು, ಎರಡು ಕುಲಾವಿಯ ಜೊತೆ, ನರ್ಸ್ ಕೈಗೆ ಕೊಟ್ಟು, ನಾಲ್ಕನ್ನು ತಂಗಿಯ ತಲೆದಿಂಬಿನ ಪಕ್ಕ ಇಟ್ಟರು. ತಂಗಿ ಅವನ್ನು ಒಂದೊಂದಾಗಿ ಬಿಡಿಸಿ, ಮಡಿಸಿ, ಮತ್ತೆ ಬಿಡಿಸಿದಳು. ಆಗ ಅವಳಿಗೆ ಮಗುವಿನ ಗಾತ್ರ ತಿಳಿಯಿತು.  ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಳು.

ನಾಲ್ಕನೆಯ ದಿನ ಮಧ್ಯಾಹ್ನ. ಡ್ರೈವರ್ ಔಷಧಿ ತರಲು ಹೋಗಿದ್ದ. ಅಕ್ಕ ಮಕ್ಕಳ ಕೋಣೆಯ ಹೊರಗಿನ ಬೆಂಚಿನ ಮೇಲಿದ್ದಳು. ಒಳಗೆ ಯಾವುದೋ ಯಂತ್ರ ಕೂಗಿತು. ಇಬ್ಬರು ಡಾಕ್ಟರು ಅವಸರದಿಂದ ಒಳಗೆ ಹೋದರು. ಗಾಜಿನ ಮೇಲಿನ ಪರದೆಯನ್ನು ಯಾರೋ ಎಳೆದರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಹೊಸಬಳಾದ ಒಬ್ಬ ನರ್ಸ್ ಹೊರಗೆ ಬಂದು ಅಕ್ಕನ ಕೈಗೆ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಳು. ಒಳಗೆ ಎರಡು ಅಂಗಿ, ಎರಡು ಕುಲಾವಿ.

"ಇವು ಇನ್ನು ಬೇಕಾಗಲ್ಲ, ಇಟ್ಕೊಳ್ಳಿ" ಎಂದವಳೇ ಒಳಗೆ ಹೋದಳು. ಬಾಗಿಲು ಮುಚ್ಚಿತು.

  ಅಕ್ಕ ಚೀಲದಿಂದ ಅಂಗಿಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಇನ್ನೂ ಬೆಚ್ಚಗಿದ್ದವು. ಕೆಳಗಿನ ಮಹಡಿಯಲ್ಲಿ ತಂಗಿ ನಾಲ್ಕು ಅಂಗಿಗಳನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದ್ದಾಳೆ. ಹೋಗಿ ಹೇಳಬೇಕು. ಮೊದಲ ಮಾತು ಏನು? ಅವಳ ಮುಖ ನೋಡಿ ಹೇಳುವುದೋ, ಕೈ ಹಿಡಿದು ಹೇಳುವುದೋ? ಆರು ಎಂದು ಸುಳ್ಳು ಹೇಳಿ ಅವಳಲ್ಲಿ ಆಸೆ ಹುಟ್ಟಿಸಿದವಳು ನಾನೇ. ಎದ್ದು ನಿಂತಳು, ಮತ್ತೆ ಕೂತಳು. ಎದುರಿನ ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷವಾಗಿತ್ತು. ಅವಳು ಮತ್ತೆ ನೋಡಿದಾಗ ಎರಡೂ ಮುಕ್ಕಾಲಾಗಿತ್ತು.

ಡ್ರೈವರ್ ಔಷಧಿಯ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದ. ಅಕ್ಕನ ಮಡಿಲಲ್ಲಿದ್ದ ಅಂಗಿಗಳನ್ನು ನೋಡಿದ.   ನೇರ ಹೋಗಿ ಮಕ್ಕಳ ಕೋಣೆಯ ಬಾಗಿಲನ್ನು ಎರಡೂ ಕೈಯಿಂದ ಬಡಿದ.

ವಯಸ್ಸಾದ ನರ್ಸ್ ಬಾಗಿಲು ತೆಗೆದಳು. "ಏನ್ರೀ ಇದು?" ಎಂದು ಶುರುಮಾಡಿದವಳು, ಬೆಂಚಿನ ಮೇಲಿದ್ದ ಅಕ್ಕನನ್ನು, ಅವಳ ಮಡಿಲನ್ನು ನೋಡಿ ತಡೆದಳು.

"ಅಯ್ಯೋ, ಇಲ್ಲಮ್ಮ. ಹಾಗಲ್ಲ, ಹಾಗಲ್ಲ. ಮಗು ಇದೆ."

ಬಂದು ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದಳು. ಮಗುವಿಗೆ ಕಾಮಾಲೆಯ ಹಳದಿ ಏರಿತ್ತು, ನೀಲಿ ದೀಪದ ಕೆಳಗೆ ಮಲಗಿಸಿದ್ದರು. ಮೈಗೆಲ್ಲ ಬೆಳಕು ತಾಗಬೇಕಾದ್ದರಿಂದ ಬಟ್ಟೆ ತೆಗೆದಿದ್ದರು. ಕೂಗಿದ ಯಂತ್ರ ಪಕ್ಕದ ಪೆಟ್ಟಿಗೆಯದು, ಆ ಮಗುವೂ ಈಗ ಸುಧಾರಿಸಿಕೊಂಡಿತ್ತು. ಹೊಸ ಹುಡುಗಿ, ಗಡಿಬಿಡಿಯಲ್ಲಿ ಅರ್ಧ ಮಾತು ಹೇಳಿಹೋಗಿದ್ದಾಳೆ, ಅವಳ ಪರವಾಗಿ ನಾನು ಕ್ಷಮೆ ಕೇಳುತ್ತೇನೆ ಎಂದಳು. ಮೂರು ದಿನ ದೀಪದ ಕೆಳಗಿರಬೇಕು, ಆಮೇಲೆ ಬಟ್ಟೆ ಬೇಕೇ ಬೇಕು.

ಅಕ್ಕನಿಗೆ ಕೇಳಿಸಿತು, ಆದರೆ ಒಳಗೆ ಇಳಿಯಲಿಲ್ಲ. ನೋಡಬೇಕು ಎಂದಳು. ನರ್ಸ್ ನಿಯಮ ಬದಿಗಿಟ್ಟು ಇಬ್ಬರನ್ನೂ ಒಳಗೆ ಕರೆದೊಯ್ದಳು. ನೀಲಿ ಬೆಳಕಿನಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಮೈಮೇಲೆ ಲಂಗೋಟಿಯೊಂದು ಬಿಟ್ಟು ನೂಲೂ ಇಲ್ಲದೆ ಮಗು ಮಲಗಿತ್ತು. ಎದೆ ಏರಿಳಿಯುತ್ತಿತ್ತು. ಅಕ್ಕ ಅದನ್ನು ಎಣಿಸುತ್ತ ನಿಂತಳು. ನೂರರವರೆಗೆ ಎಣಿಸಿದ ಮೇಲೆ ಅವಳಿಗೆ ಅಳು ಬಂತು.

ಆವತ್ತು ಸಂಜೆ ನರ್ಸ್ ಬಳಿ ಬಾಯಿಬಿಟ್ಟು ಕೇಳಿದಳು, ಮೊದಲ ದಿನ ಎರಡೇ ಸಾಕು ಎಂದಿರಲ್ಲ, ಯಾಕೆ? ನರ್ಸ್ ಅರ್ಥವಾಗದೆ ಅವಳ ಮುಖ ನೋಡಿದಳು. ಕಪಾಟಿನಲ್ಲಿ ಜಾಗವಿಲ್ಲ ಕಣಮ್ಮ, ಒಂದು ಮಗುವಿಗೆ ಎರಡಕ್ಕಿಂತ ಹೆಚ್ಚು ಇಡೋಕಾಗಲ್ಲ, ಎಲ್ಲರಿಗೂ ಹಾಗೇ ಹೇಳೋದು ಎಂದಳು.

ಮಗು ಆರು ವಾರ ಅಲ್ಲೇ ಇತ್ತು. ಭಯ ಒಂದೇ ದಿನದಲ್ಲಿ ಹೋಗಲಿಲ್ಲ. ಒಮ್ಮೆ ಉಸಿರು ನಿಂತು ಮತ್ತೆ ಬಂತು, ಒಮ್ಮೆ ಜ್ವರ, ಒಮ್ಮೆ ತೂಕ ಇಳಿಯಿತು. ಎರಡನೇ ವಾರ ತಂಗಿ ಮೊದಲ ಸಲ ಮಗುವನ್ನು ಎದೆಯ ಮೇಲೆ ಹಾಕಿಕೊಂಡಳು. ಅಕ್ಕ ಪರದೆಯ ಕೆಲಸ ನಿಲ್ಲಿಸಿ, ಅಲ್ಲಿದ್ದ ಬೇರೆ ಮಕ್ಕಳಿಗೂ ಅಂಗಿ ಹೊಲಿದುಕೊಟ್ಟಳು. ತೋಳು ಕೂಡಿಸುವುದು ಅವಳ ಕೈಗೆ ಬಂತು. ಅವುಗಳಲ್ಲಿ ಎರಡು ಹಾಗೇ ವಾಪಸು ಬಂದವು. ಆ ಸಲ ಅರ್ಧ ಮಾತಿನ ತಪ್ಪಾಗಿರಲಿಲ್ಲ. ಆ ತಾಯಿಯ ಪಕ್ಕ ಅಕ್ಕ ಇಡೀ ಮಧ್ಯಾಹ್ನ ಕೂತಿದ್ದಳು.

ಎರಡು ಕಿಲೋ ದಾಟಿದ ಮೇಲೆ ಮಗುವನ್ನು ಮನೆಗೆ ಕಳಿಸಿದರು. ಬೆಳಿಗ್ಗೆ ಹತ್ತಕ್ಕೆ ಬಂದರು. ಡ್ರೈವರ್ ಟ್ಯಾಕ್ಸಿಯವನಿಗೆ ದಾರಿಯುದ್ದಕ್ಕೂ ನಿಧಾನ, ನಿಧಾನ ಎಂದು ಹೇಳಿ ಹೇಳಿ ಅವನ ತಲೆ ತಿಂದಿದ್ದ. ಮಗುವಿನ ಬಟ್ಟೆ ಒದ್ದೆಯಾಗಿತ್ತು, ಬದಲಾಯಿಸಬೇಕಿತ್ತು. ಅಷ್ಟು ದಿನ ಅದನ್ನು ನರ್ಸುಗಳು ಮಾಡುತ್ತಿದ್ದರು. ಈಗ ಹಾಸಿಗೆಯ ಸುತ್ತ ಮೂವರೂ ನಿಂತರು. ಯಾರೂ ಕೈ ಹಾಕಲಿಲ್ಲ.

"ನೀನು ಹಾಕು" ಎಂದಳು ತಂಗಿ.

"ನೀನು ತಾಯಿ, ನೀನೇ ಹಾಕು" ಎಂದಳು ಅಕ್ಕ.

 ತಂಗಿ ಅಂಗಿಯ ತೋಳಿನೊಳಗೆ ತನ್ನ ಎರಡು ಬೆರಳನ್ನು ಹೊರಗಿನಿಂದ ತೂರಿಸಿ, ಆ ಕಡೆಯಿಂದ ಮಗುವಿನ ಕೈಯನ್ನು ಮೆಲ್ಲಗೆ ಹಿಡಿದು ಎಳೆದುಕೊಂಡಳು. ಕೈ ಹೊರಬಂತು. ಮಗು ಮುಖ ಸಿಂಡರಿಸಿ, ದೊಡ್ಡದಾಗಿ ಬಾಯಿ ತೆರೆದು ಕಿರುಚಿತು. ಮೂವರೂ ಬೆಚ್ಚಿಬಿದ್ದು ಒಂದು ಹೆಜ್ಜೆ ಹಿಂದೆ ಸರಿದರು. ಇನ್ನೊಂದು ಕೈ ಬಾಕಿಯಿತ್ತು.