ಎಡವಟ್ಟಿನ ಗಂಟೆ

ಪಾಠ ಹೇಳುವವರು ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಅಪರೂಪ. ಜನ ಅದನ್ನು ಸೊಕ್ಕು ಅನ್ನುತ್ತಾರೆ, ಅದು ಬರೀ ಭಯ. ತರಗತಿಯಲ್ಲಿ ಒಮ್ಮೆ ನಾಲಿಗೆ ತೊದಲಿದರೆ ಸಾಕು, ಮುಂದಿನ ವರ್ಷ ಬರುವ ಮಕ್ಕಳಿಗೂ ಅದು ಮೊದಲೇ ಗೊತ್ತಿರುತ್ತದೆ. ಆದ್ದರಿಂದಲೇ ಲಿಟ್ಮಸ್ ಅಕ್ಕ ಎಡವಟ್ಟಿನ ಗಂಟೆ ಶುರು ಮಾಡಿದಾಗ ಫಿಸಿಕ್ಸ್ ಟೀಚರಿಗೆ ಹೋದ ಜೀವ ಬಂದಂತಾಗಿತ್ತು.

ಲಿಟ್ಮಸ್ ಅಕ್ಕ ಅದೇ ಹೈಸ್ಕೂಲಿನ ಕೆಮಿಸ್ಟ್ರಿ ಟೀಚರ್. ಎದುರಿಗೆ ಬಂದವರು ಹುಳಿಯೋ ಅಲ್ಲವೋ ಎಂದು ನೋಡಿದೊಡನೆ ಹೇಳಿಬಿಡುತ್ತಾಳೆಂದು ಮಕ್ಕಳೇ ಇಟ್ಟ ಹೆಸರು ಅದು, ಸ್ಟಾಫ್ ರೂಮಿಗೂ ಹಬ್ಬಿತ್ತು. ಫಿಸಿಕ್ಸ್ ಟೀಚರ್ ಕೆಲಸಕ್ಕೆ ಸೇರಿದ ದಿನ ಲ್ಯಾಬಿನ ಬೀಗದ ಕೈ ಕೊಟ್ಟು, ಯಾವ ಕಪಾಟಿನ ಬಾಗಿಲು ಎಳೆಯಬೇಕು, ಯಾವುದನ್ನು ಒದೆಯಬೇಕು ಎಂದು ತೋರಿಸಿಕೊಟ್ಟವಳೂ ಆಕೆಯೇ. ಅಂದಿನಿಂದ ಅಕ್ಕ ಅಂದರೆ ಅಕ್ಕ, ಒಡಹುಟ್ಟಿದವಳಿಗಿಂತ ಒಂದು ಕೈ ಹೆಚ್ಚು.

ಇಂಟರ್ನೆಟ್ಟಿನಲ್ಲಿ ವಿಜ್ಞಾನ ಪಾಠಗಳಿಗೆ ಬರವಿಲ್ಲ. ಮಾದರಿ ಪಾಠ, ಚಲಿಸುವ ಚಿತ್ರ, ಮೌಸ್ ಒತ್ತಿದರೆ ತೂಗುವ ಲೋಲಕ, ಏನು ಬೇಕಾದರೂ ಸಿಗುತ್ತದೆ. ಆದರೆ ಅಲ್ಲಿ ಯಾರ ಪ್ರಯೋಗವೂ ಕೆಡುವುದಿಲ್ಲ, ಯಾರ ಗಾಜೂ ಒಡೆಯುವುದಿಲ್ಲ. ನೋಡಿ ನೋಡಿ ನಮ್ಮ ಟೀಚರಿಗೆ ತಾನೊಬ್ಬಳೇ ದಡ್ಡಿ ಅನ್ನಿಸಿಬಿಟ್ಟಿತ್ತು. ಎಡವಟ್ಟಿನ ಗಂಟೆ ಇದಕ್ಕೆ ಪೂರ್ತಿ ತಿರುಗುಮುರುಗು. ಶನಿವಾರ ಮಧ್ಯಾಹ್ನ ನಾಲ್ಕಾರು ಶಾಲೆಗಳ ವಿಜ್ಞಾನದವರು ಅಕ್ಕ ಕಳಿಸಿದ ಲಿಂಕ್ ಒತ್ತಿ ಸೇರುತ್ತಿದ್ದರು. ಆ ವಾರ ಎಡವಿದವರು ತಮ್ಮ ಮನೆಯ ಮೇಜಿನ ಮೇಲೆ ಅದೇ ಸಾಮಾನು ಹರಡಿಕೊಂಡು, ತರಗತಿಯಲ್ಲಿ ಆಡಿದ ಮಾತನ್ನೇ ಆಡಿ, ಎಡವಿದ್ದನ್ನು ಮತ್ತೆ ಎಡವಿ ತೋರಿಸಬೇಕು. ಮುಗಿಯುವ ತನಕ ಯಾರೂ ನಗುವಂತಿಲ್ಲ. ಮುಗಿದ ಮೇಲೆ ಅಕ್ಕ ಒಂದೇ ಮಾತು ಕೇಳುತ್ತಿದ್ದಳು: “ಆಮೇಲೆ?” ಆ ತಪ್ಪನ್ನು ಹೇಗೆ ನೆಟ್ಟಗೆ ಮಾಡಿದೆ ಎಂದು ಆಗ ಹೇಳಬೇಕು. ನಿಜವಾದ ಪಾಠ ಇರುತ್ತಿದ್ದದ್ದು ಆ ಆಮೇಲೆಯಲ್ಲೇ.

ಬರಲಾಗದವರಿಗೆಂದು ಅಕ್ಕ ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಅದು ತನ್ನ ಕಂಪ್ಯೂಟರ್ ಬಿಟ್ಟು ಆಚೆ ಹೋಗುವುದಿಲ್ಲ, ಇಲ್ಲಿ ಉದುರಿದ್ದನ್ನು ಇಲ್ಲೇ ಗುಡಿಸಿಬಿಡೋಣ ಎಂದು ಮೊದಲ ದಿನವೇ ಹೇಳಿದ್ದಳು. ಎಲ್ಲರೂ ನಂಬಿದರು. ನಂಬದೆ ಏನು, ಹೇಳಿದವಳು ಅಕ್ಕ.

ಟೀಚರ್ ತೋರಿಸಿದ ಎಡವಟ್ಟು ಬಲ್ಬುಗಳದ್ದು. ನೂರು ವ್ಯಾಟಿನದೊಂದು, ನಲವತ್ತರದ್ದೊಂದು, ಎರಡನ್ನೂ ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದರಂತೆ ಜೋಡಿಸಿ, “ನೂರರದ್ದೇ ಜೋರಾಗಿ ಉರಿಯುತ್ತೆ, ನೋಡ್ತಿರಿ ಮರಿಗಳಾ” ಎಂದು ಸ್ವಿಚ್ ಒತ್ತಿದ್ದಳು. ನಲವತ್ತರದ್ದು ಧಗ್ಗೆಂದು ಬೆಳಗಿತು, ನೂರರದ್ದು ಕಣ್ಣು ಕೂಡ ಬಿಡಲಿಲ್ಲ. ಸರಣಿಯಲ್ಲಿ ಎರಡಕ್ಕೂ ಹರಿಯುವ ವಿದ್ಯುತ್ತು ಒಂದೇ, ಆದ್ದರಿಂದ ತಡೆ ಹೆಚ್ಚಿರುವ ಸಣ್ಣ ಬಲ್ಬೇ ಹೆಚ್ಚು ಬೆಳಗಬೇಕು. ಅವಳಿಗೆ ಇದು ಗೊತ್ತಿರದ ಸಂಗತಿಯೇನಲ್ಲ. ಆ ದಿನ ಬಾಯಿ ತಲೆಗಿಂತ ಮುಂದೆ ಓಡಿತ್ತು, ಅಷ್ಟೆ. ಗಾಬರಿಯಲ್ಲಿ “ಬಲ್ಬ್ ಕೆಟ್ಟಿದೆ” ಅಂದುಬಿಟ್ಟಳು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಬಲ್ಬು ಸರಿಯಾಗಿಯೇ ಇರಬೇಕು ಮಿಸ್ ಎಂದು ಕಾರಣ ಹೇಳಹೊರಟರೆ, “ಕೇಳಿದಾಗ ಹೇಳು, ಕೂತ್ಕೋ” ಎಂದು ಗದರಿಸಿ ಕೂರಿಸಿದಳು.

ಇದನ್ನೆಲ್ಲ ಊಟದ ಮೇಜಿನ ಮೇಲೆ ಹೋಲ್ಡರು, ವೈರು ಹರಡಿಕೊಂಡು ಒಂದಕ್ಷರ ಬಿಡದೆ ಮಾಡಿ ತೋರಿಸಿದ್ದಳು. ಅಕ್ಕ “ಆಮೇಲೆ?” ಅಂದಾಗ, ಮರುದಿನ ಆ ಹುಡುಗಿಯನ್ನು ಮುಂದೆ ಕರೆದು, ಇಡೀ ತರಗತಿಯ ಎದುರು ಕ್ಷಮೆ ಕೇಳಿ, ಪಾಠವನ್ನು ಅವಳ ಬಾಯಿಂದಲೇ ಹೇಳಿಸಿದ್ದನ್ನು ಹೇಳುತ್ತ ಅತ್ತಿದ್ದಳು. ಅಕ್ಕನೂ ಕಣ್ಣು ಒರೆಸಿಕೊಂಡಿದ್ದಳು.

ಅದಾಗಿ ಕೆಲವು ತಿಂಗಳಿಗೆ ಗಣಿತ, ವಿಜ್ಞಾನ ಕಲಿಸುವ ಹೈಸ್ಕೂಲಿನವರೆಲ್ಲ ಕಡ್ಡಾಯವಾಗಿ ಮಾಡಬೇಕಾದ ಆನ್‌ಲೈನ್ ತರಬೇತಿ ಬಂತು. ಅದರ ಪಾಠ ತಯಾರಿಸುವವರಲ್ಲಿ ಅಕ್ಕನೂ ಒಬ್ಬಳು. ಆ ಸುದ್ದಿಯನ್ನು ಸ್ಟಾಫ್ ರೂಮಿನಲ್ಲಿ ಡಂಗುರ ಹೊಡೆದವಳು ನಮ್ಮ ಟೀಚರೇ.

ಭಾನುವಾರ ಬೆಳಿಗ್ಗೆ ಅದೇ ಊಟದ ಮೇಜಿನಲ್ಲಿ ಕೂತು ತರಬೇತಿ ತೆರೆದಳು. ಗಂಡ ಪಕ್ಕದಲ್ಲೇ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ. ‘ತರಗತಿಯಲ್ಲಿ ಆಗುವ ತಪ್ಪುಗಳು’ ಎಂಬ ಪಾಠದಲ್ಲಿ ಮುಖ ಮಸುಕು ಮಾಡಿದ ಒಬ್ಬ ಟೀಚರ್ ಬಲ್ಬು ಜೋಡಿಸುತ್ತಿದ್ದಳು. ಹಲ್ಲುಜ್ಜುತ್ತ ಬಂದ ಮಗಳು ಹಿಂದೆ ನಿಂತು ನೋಡಿ, ಪಾಪ, ಈ ಮಿಸ್ಸಿಗೆ ಏನೂ ಬರಲ್ಲ ಎಂದು ನಕ್ಕಳು. ಆಮೇಲೆ ನಗು ನಿಂತಿತು.

“ಅಮ್ಮ, ಅದು ನಮ್ಮನೆ ಕಿಟಕಿ ಪರದೆ ಅಲ್ವಾ?”

ಮುಖ ಮಸುಕು ಮಾಡಿದವರು ಪರದೆಯನ್ನು ಹಾಗೆಯೇ ಬಿಟ್ಟಿದ್ದರು. ಧ್ವನಿಯನ್ನೂ ಬಿಟ್ಟಿದ್ದರು. “ಮರಿಗಳಾ” ಎನ್ನುವುದು ಇಡೀ ಶಾಲೆಯಲ್ಲಿ ಅವಳೊಬ್ಬಳೇ. ವಿಡಿಯೋ “ಕೂತ್ಕೋ” ಎಂಬಲ್ಲಿಗೆ ಮುಗಿಯಿತು. ‘ಆಮೇಲೆ’ ಇಲ್ಲ. ಬಂದದ್ದು ಪ್ರಶ್ನೆ: ಈ ಶಿಕ್ಷಕಿಯ ತಪ್ಪಿಗೆ ಕಾರಣವೇನು? ವಿಷಯಜ್ಞಾನದ ಕೊರತೆ, ಪೂರ್ವಸಿದ್ಧತೆಯ ಕೊರತೆ, ತಾಳ್ಮೆಯ ಕೊರತೆ, ಮೇಲಿನ ಎಲ್ಲವೂ. ಉತ್ತರ ಕೊಡದೆ ಮುಂದಿನ ಪಾಠ ತೆರೆಯುವುದಿಲ್ಲ. ಅವಳು ತಾಳ್ಮೆ ಎಂದು ಒತ್ತಿದಳು. ತಪ್ಪು ಉತ್ತರ, ಮತ್ತೆ ಪ್ರಯತ್ನಿಸಿ ಎಂದಿತು. ಕೊನೆಗೆ ‘ಮೇಲಿನ ಎಲ್ಲವೂ’ ಒತ್ತಿದಾಗ ಸ್ಕ್ರೀನೆಲ್ಲ ಹಸಿರಾಗಿ ಅವಳನ್ನು ಅಭಿನಂದಿಸಿತು.

ಗಂಡ, ಮುಖ ಕಾಣುವುದಿಲ್ಲವಲ್ಲ, ಹೋಗಲಿ ಬಿಡು ಎಂದ. ಅವಳಿಗೆ ಮುಖದ ಚಿಂತೆಯೇ ಇರಲಿಲ್ಲ. ಇದನ್ನು ಅಕ್ಕ ಮಾಡಿರಬಾರದು, ಅಷ್ಟೇ ಬೇಕಿತ್ತು. ಯಾರೋ ಕದ್ದಿರಬೇಕು, ತರಬೇತಿ ಕಚೇರಿಯವರು ಕೇಳದೆ ಎತ್ತಿಕೊಂಡಿರಬೇಕು, ಅಕ್ಕನಿಗೆ ಗೊತ್ತಾದರೆ ಎಷ್ಟು ನೊಂದುಕೊಳ್ಳುತ್ತಾಳೋ ಎಂದು ದಿನವಿಡೀ ಅಕ್ಕನ ಪರವಾಗಿ ತಾನೇ ವಾದ ಮಾಡಿದಳು.

ಸೋಮವಾರ ಕೆಮಿಸ್ಟ್ರಿ ಲ್ಯಾಬಿಗೆ ಹೋದಾಗ ಅಕ್ಕ ಸಿಂಕಿನ ಮುಂದೆ ಪ್ರನಾಳ ತೊಳೆಯುತ್ತಿದ್ದಳು. ಇವಳನ್ನು ಕಂಡದ್ದೇ ಮುಖ ಅರಳಿತು.

“ನೋಡಿದ್ಯಾ? ಚೆನ್ನಾಗಿ ಬಂದಿದೆ ಅಲ್ವಾ? ನಿನ್ನ ಮುಖ ಮಸುಕು ಮಾಡೋದಕ್ಕೇ ಅರ್ಧ ದಿನ ಹಿಡೀತು.”

ಇಡೀ ಭಾನುವಾರ ಕಟ್ಟಿದ ವಾದ ಅಲ್ಲೇ ನೆಲಕಚ್ಚಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಅವಳಿಗೆ ಕೇಳಬೇಕಾದದ್ದು ನೂರಿತ್ತು, ಬಾಯಿಗೆ ಬಂದದ್ದು ಒಂದು.

“ಆಮೇಲಿಂದು ಯಾಕೆ ಕತ್ತರಿಸಿದ್ರಿ ಅಕ್ಕ?”

“ಅದಿದ್ರೆ ನೀನು ಒಳ್ಳೇ ಟೀಚರ್ ಅಂತ ಆಗಿಬಿಡುತ್ತೆ. ನಂಗೆ ಬೇಕಾಗಿದ್ದು ತಪ್ಪು.” ಅಕ್ಕ ಪ್ರನಾಳವನ್ನು ಬೆಳಕಿಗೆ ಹಿಡಿದು ನೋಡಿ ಬೋರಲು ಹಾಕಿದಳು. “ಎಷ್ಟು ಜನ ಕಲೀತಾರೆ ಯೋಚನೆ ಮಾಡು. ಸಣ್ಣಪುಟ್ಟದ್ದಕ್ಕೆಲ್ಲ ಮನಸ್ಸು ಕೆಡಿಸ್ಕೋಬೇಡ.”

“ನಿಮ್ದೇ ಒಂದು ತಪ್ಪು ಹಾಕಬಹುದಿತ್ತಲ್ಲ.”

“ನಂದು ರೆಕಾರ್ಡ್ ಆಗಿರೋದು ಯಾವುದಿದೆ, ಹೇಳು?”

ಯಾವುದೂ ಇರಲಿಲ್ಲ. ಅಷ್ಟು ಶನಿವಾರಗಳಲ್ಲಿ ಅಕ್ಕ ಒಮ್ಮೆಯೂ ಎಡವಿರಲಿಲ್ಲ. ಮುಂದಿನ ವಾರ ನಂದು ಅನ್ನುತ್ತಿದ್ದಳು, ಮುಂದಿನ ವಾರ ಬೇರೆ ಯಾರಾದರೂ ಅಳುತ್ತಿದ್ದರು. ಇದು ತನಗೆ ಇಷ್ಟು ದಿನ ಹೊಳೆಯದೇ ಹೋದದ್ದಕ್ಕೆ ಟೀಚರಿಗೆ ಅಕ್ಕನ ಮೇಲಿನದಕ್ಕಿಂತ ತನ್ನ ಮೇಲೇ ಹೆಚ್ಚು ಸಿಟ್ಟು ಬಂತು. ಅಕ್ಕನ ಮುಂದೆ ಮಾತ್ರ ಅಳಬಾರದು ಎಂದು ಹೊರಗೆ ಬಂದಳು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು, ಏನ್ರೀ, ನಿಮ್ಮ ಬಲ್ಬು ರಿಪೇರಿ ಆಯ್ತಾ ಎಂದರು. ಅವರದು ತಮಾಷೆಯಷ್ಟೇ. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಶನಿವಾರ ಮಧ್ಯಾಹ್ನ ಎಂದಿನಂತೆ ಲಿಂಕ್ ಬಂತು. ಹೋಗಬಾರದು ಎಂದುಕೊಂಡಿದ್ದವಳು ಬರಿಯ ಮೇಜಿನ ಮುಂದೆ ಕೂತು ಲಿಂಕ್ ಒತ್ತಿದಳು. ಅಕ್ಕನಿಗೆ ತರಬೇತಿಯ ಕೆಲಸ ಸಿಕ್ಕ ಪುಣ್ಯವೋ ಏನೋ, ಅಂದು ಎಲ್ಲರೂ ಬಂದಿದ್ದರು. ಅಕ್ಕ ಕನ್ನಡಕ ಏರಿಸಿಕೊಂಡು, ಈ ವಾರ ಯಾರು ಎಡವಿದಿರಿ ಎಂದಳು.

“ನಾನು,” ಎಂದಳು ಟೀಚರ್. “ತೋರಿಸೋಕೆ ಸಾಮಾನು ಏನೂ ಬೇಡ. ನಾನಿಲ್ಲಿ ಹೇಳಿದ್ದು ಇಲ್ಲೇ ಇರುತ್ತೆ ಅಂತ ನಂಬಿದ್ದೆ. ತರಬೇತಿಯಲ್ಲಿ ಬಲ್ಬಿನ ವಿಡಿಯೋ ನೋಡಿರ್ತೀರಲ್ಲ, ಅದು ನಾನು. ಅಕ್ಕ ಕೊಟ್ಟಿದ್ದು. ನನ್ನನ್ನ ಕೇಳಿರಲಿಲ್ಲ.”

ಯಾರೂ “ಆಮೇಲೆ?” ಅನ್ನಲಿಲ್ಲ. ಅಕ್ಕ ಮುಗುಳ್ನಕ್ಕು, ಇದನ್ನೆಲ್ಲ ನಾವಿಬ್ಬರೂ ಆಮೇಲೆ ಮಾತಾಡಿಕೊಳ್ಳೋಣ, ಈಗ ಬೇರೆಯವರು ಹೇಳಲಿ ಎಂದಳು. ಒಬ್ಬರ ಕ್ಯಾಮೆರಾ ಆರಿತು, ಹಿಂದೆಯೇ ಇನ್ನೊಬ್ಬರದು.

ಗುಂಪಿಗೆ ಹೊಸದಾಗಿ ಸೇರಿದ್ದ, ಇನ್ನೂ ಕೆಲಸ ಖಾಯಂ ಆಗದ ಟೀಚರೊಬ್ಬಳು ಮೂಲೆಯ ಚೌಕದಲ್ಲಿದ್ದಳು. ಕಪ್ಪು ಹಲಗೆಯ ಮೇಲೆ ಸಮೀಕರಣವೊಂದನ್ನು ಸರಿದೂಗಿಸಲಾಗದೆ, ಸ್ಟೋರ್ ರೂಮಿನ ಚಿಲಕ ಹಾಕಿಕೊಂಡು ಬೆಲ್ ಹೊಡೆಯುವ ತನಕ ಅತ್ತಿದ್ದನ್ನು ಅವಳು ಹೋದ ತಿಂಗಳು ಇವರೆಲ್ಲರ ಮುಂದೆ ಹೇಳಿಕೊಂಡಿದ್ದಳು. ಈಗ ಅವಳ ಮೈಕು ಆನ್ ಆಯಿತು.

“ಅಕ್ಕ, ನಂದೂ ಕೊಟ್ಟಿದ್ದೀರಾ?”

ಅಕ್ಕನ ಮೈಕು ಆನ್ ಆಗಿಯೇ ಇತ್ತು. ಆಕೆಯ ಮನೆಯ ಫ್ಯಾನು ತಿರುಗುವ ಸದ್ದು ಎಲ್ಲರ ಮನೆಯಲ್ಲೂ ಕೇಳುತ್ತಿತ್ತು. ಆಕೆ ಇಲ್ಲ ಅನ್ನಲಿಲ್ಲ.